ಮುಕೆಲಬಾಯ್ ಮರ್ಯಾದೆ ಕೊಟ್ಟ ದಿನ

ಅಕ್ಟೋಬರಿನ ಆ ಗುರುವಾರ ಬೆಳಿಗ್ಗೆ, ಲಾರಿಯ ಪಕ್ಕದಲ್ಲಿ ನಿಂತು ಲೈಫ್ ಜಾಕೆಟ್ ಎಣಿಸುತ್ತಿದ್ದ ಚೋಲ್ವೆಯ ಹತ್ತಿರ ಮುಕೆಲಬಾಯ್ ಬಂದು, "ನಮಸ್ಕಾರ ಚೋಲ್ವೆಯವರೇ. ರಾತ್ರಿ ತಮಗೆ ನಿದ್ದೆ ಚೆನ್ನಾಗಿ ಬಂತಾ?" ಎಂದು ಕೇಳಿದ.

ಚೋಲ್ವೆ ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

"ನನ್ನನ್ನಾ ಕೇಳಿದ್ದು?"

"ಹೌದು, ತಮ್ಮನ್ನೇ."

ಅವಳು ಎಣಿಕೆ ಮರೆತು ಮತ್ತೆ ಮೊದಲಿನಿಂದ ಜಾಕೆಟ್ ಎಣಿಸತೊಡಗಿದಳು.

ಇದರಲ್ಲಿ ಎಣಿಕೆ ತಪ್ಪುವಂಥದ್ದೇನು ಎಂದು ಹೊರಗಿನವರು ಕೇಳಬಹುದು. ಮುಕೆಲಬಾಯ್ ಲೋಜಿ, ಚೋಲ್ವೆ ಟೊಂಗಾ, ನಾನೂ ಟೊಂಗಾ. ಈ ಎರಡು ಕುಲಗಳದು ಗೇಲಿಯ ನಂಟು. ಎದುರು ಬದುರಾದರೆ ಬೈಯಬೇಕು, ಬೈಸಿಕೊಂಡವರು ಅದಕ್ಕಿಂತ ಚೆನ್ನಾಗಿ ಬೈಯಬೇಕು. ಸಿಟ್ಟಾದವರು ಒಂದು ಕೋಳಿ ದಂಡ ಕೊಡಬೇಕು. ವಯಸ್ಸು ಲೆಕ್ಕಕ್ಕಿಲ್ಲ. ಲೋಜಿಗಳು ಹೊಳೆ ಉಕ್ಕಿದಾಗ ದಿಬ್ಬಕ್ಕೆ ಮನೆ ಬದಲಿಸುವ ಮೀನಿನ ಜನ, ನಾವು ದನ ಸಾಕುವ ಜನ; ಬೈಗುಳವೆಲ್ಲ ಇದರ ಸುತ್ತಲೇ. ನನ್ನ ಅಣ್ಣ ತೀರಿಕೊಂಡಾಗ ಎಲ್ಲರಿಗಿಂತ ಮೊದಲು ಬಂದವನು ಮುಕೆಲಬಾಯ್. ತೋಡಿದ್ದ ಗುಂಡಿಗೆ ತಾನೇ ಇಳಿದು, ಉದ್ದಕ್ಕೆ ಮಲಗಿ ನೋಡಿ, "ಕಾಲು ಚಾಚೋಕೂ ಜಾಗ ಬಿಟ್ಟಿಲ್ಲ. ಈ ಟೊಂಗಾಗಳು ಬದುಕಿದ್ದಾಗ್ಲೂ ಜಿಪುಣರು, ಸತ್ತ ಮೇಲೂ ಜಿಪುಣರು" ಎಂದಿದ್ದ. ಎರಡು ದಿನದಿಂದ ಒಂದು ತುತ್ತು ಮುಟ್ಟದಿದ್ದ ಅತ್ತಿಗೆ ಅಂದು ನಕ್ಕು, ಆಮೇಲೆ ಊಟ ಮಾಡಿದಳು. ಗುಂಡಿಗೆ ಮಣ್ಣೆಳೆದವನೂ ಅವನೇ. ಸಾವಿನ ಮನೆಯಲ್ಲೂ ನಿಲ್ಲದ ಬಾಯಿ ಅದು. ಅಂಥ ಬಾಯಿಂದ 'ತಾವು' ಎಂಬ ಮಾತು ಬಂದರೆ ಏನೆಂದು ತಿಳಿಯಬೇಕು? ನಂಟು ಹರಿಯಿತು ಎಂದೇ.

ಅದೂ ಪರೀಕ್ಷೆಯ ದಿನ. ಲಿವಿಂಗ್‌ಸ್ಟನ್ ಪಟ್ಟಣದ ನಮ್ಮ ಕಂಪನಿ, ಬೆನ್ನುಚೀಲ ಹೊತ್ತು ಜಲಪಾತ ನೋಡಲು ಬರುವವರನ್ನು ರಬ್ಬರ್ ತೆಪ್ಪದಲ್ಲಿ ಕೂರಿಸಿ ಜಾಂಬೆಜಿ ನದಿಯ ಕಮರಿಯಲ್ಲಿ ಇಳಿಸಿಕೊಂಡು ಹೋಗುತ್ತದೆ. ಚೋಲ್ವೆ ಆರು ವರ್ಷ ಮಡಚಿದ ತೆಪ್ಪಗಳನ್ನು ಹೆಗಲ ಮೇಲೆ ಹೊತ್ತು ಆ ಕಮರಿ ಹತ್ತಿದವಳು. ಆಮೇಲೆ ಹುಟ್ಟು ಹಾಕಲು ಕಲಿತಳು. ಹೋದ ವರ್ಷ ಗೈಡ್ ಲೈಸೆನ್ಸಿನ ಪರೀಕ್ಷೆಯಲ್ಲಿ ಮುಕೆಲಬಾಯ್ ಅವಳನ್ನು ಫೇಲು ಮಾಡಿದ್ದ. ಈ ವರ್ಷ ಖಾಲಿ ಇದ್ದದ್ದು ಒಂದೇ ಜಾಗ. ಇವಳು ತಪ್ಪಿದರೆ ಅದು ಗಡಿಯ ಸೇತುವೆಯಾಚೆ, ಪಕ್ಕದ ದೇಶದ ಇನ್ನೊಬ್ಬನಿಗೆ. ಇವಳು ಮತ್ತೆ ಹೊರೆ ಹೊರಬೇಕು. ಪರೀಕ್ಷಕ ಈ ಸಲವೂ ಮುಕೆಲಬಾಯ್.

ಅವನ ಮರ್ಯಾದೆಯ ಮೂಲ ನನಗೆ ಗೊತ್ತಿತ್ತು. ನಾನು ಲಾರಿಯ ಡ್ರೈವರ್. ಮಂಗಳವಾರ ಡೀಸೆಲ್ ಚೀಟಿಗಾಗಿ ಆಫೀಸಿನ ಬಾಗಿಲಲ್ಲಿ ಕಾಯುತ್ತಿದ್ದೆ. ಮೂರು ತಿಂಗಳ ಹಿಂದೆ ಕೇಪ್‌ಟೌನಿನಿಂದ ಬಂದ ಮ್ಯಾನೇಜರಮ್ಮ ಒಳಗೆ ಮುಕೆಲಬಾಯ್‌ಗೆ ಒಂದು ಕಾಗದ ಓದಿ ಹೇಳುತ್ತಿದ್ದಳು. ಯಾರೋ ಪ್ರವಾಸಿ, ಹಿರಿಯ ಗೈಡು ಕಲಿಯುವ ಹುಡುಗಿಯನ್ನು ದಾರಿಯುದ್ದಕ್ಕೂ ಹೀನಾಯವಾಗಿ ಬೈದ ಎಂದು ದೂರು ಬರೆದಿದ್ದರು.

"ಅವಳು ನನ್ನ ನೆಂಟರವಳು ಮೇಡಂ."

"ರಕ್ತಸಂಬಂಧವಾ?"

"ಅಲ್ಲ."

"ಮದುವೆಯ ಕಡೆಯಿಂದಲಾ?"

"ಅದೂ ಅಲ್ಲ. ಅವಳು ಟೊಂಗಾ, ಅದಕ್ಕೇ ಬೈದದ್ದು."

ಇದನ್ನು ಕೇಳಿ ಆಯಮ್ಮ ಗಾಬರಿಯಾದಳು. ಇನ್ನೊಂದು ದೂರು ಬಂದರೆ ಕೆಲಸ ಹೋಗುತ್ತದೆ, ಪರೀಕ್ಷೆಯ ದಿನ ಬಾಯಿಂದ ಒಂದು ಕೆಟ್ಟ ಮಾತೂ ಬರಕೂಡದು ಎಂದು ಸಹಿ ಹಾಕಿಸಿಕೊಂಡಳು. ಹೊರಗೆ ಬಂದ ಮುಕೆಲಬಾಯ್ ನನ್ನ ತೋಳು ಹಿಡಿದ.

"ಹಮೂಂಗಾ, ಕೇಳಿಸ್ಕೊಂಡ್ಯಾ?"

"ಬಾಗ್ಲು ತೆಗ್ದಿತ್ತು."

"ಆ ಹುಡುಗಿಗೆ ಮಾತ್ರ ಹೇಳ್ಬೇಡ. ಐವತ್ತೆರಡು ವರ್ಷದೋನಿಗೆ ಬಾಯಿ ತೊಳ್ಕೊಂಡು ಬಾ ಅಂತ ಕಾಗದ ಕೊಟ್ರು ಅಂತ ಗೊತ್ತಾದ್ರೆ ಅವ್ಳು ಈಸ್ಟರ್‌ವರೆಗೂ ಅದನ್ನೇ ಹಾಡ್ತಾಳೆ. ಮಾತು ಕೊಡು."

ಕೊಟ್ಟೆ. ಕೊಟ್ಟ ಮಾತನ್ನು ದೇವರು ಬರೆದಿಟ್ಟುಕೊಳ್ಳುತ್ತಾನೆ ಎಂದು ನಂಬಿದ ಮನೆಯಲ್ಲಿ ಬೆಳೆದವನು ನಾನು.

ಅಂದಿನ ಪ್ರಯಾಣಿಕರು ನಾಲ್ವರು. ವಿಂಡ್‌ಹೋಕಿನಿಂದ ಬಂದ ಇಬ್ಬರು ಗೆಳೆಯರು. ಇನ್ನಿಬ್ಬರು ಲೆಸೋಥೋದವರು: ಮಾಖೋತ್ಸೊ ಎಂಬ ಅರವತ್ತಮೂರರ ನಿವೃತ್ತ ನರ್ಸಮ್ಮ, ಅವರ ತಂಗಿಯ ಮಗಳು ರೆತಾಬಿಲೆ. ಬೆನ್ನುಚೀಲ ಹೊತ್ತು ಬಸ್ಸು ಹಿಡಿದು, ಸಿಕ್ಕಿದ ಜಲಪಾತಗಳನ್ನೆಲ್ಲ ನೋಡುತ್ತ ಬಂದಿದ್ದರು. ತಮ್ಮೂರಿನ ಮಾಲೆತ್ಸುನ್ಯಾನೆ ಜಲಪಾತದ ಪಕ್ಕದ ಬಂಡೆಯಿಂದ ನರ್ಸಮ್ಮ ಹಗ್ಗ ಹಿಡಿದು ಇಳಿದಿದ್ದರಂತೆ. ಅರ್ಧದಲ್ಲಿ ಕಣ್ಣು ಮುಚ್ಚಿಕೊಂಡಿದ್ದು ತಂಗಿಯ ಮಗಳೇ ಹೊರತು ಅವರಲ್ಲ. ಅವರ ಕೊರಳಿಗೆ ನೀರು ಹೋಗದ ಸಣ್ಣ ಚೀಲ, ಅದರೊಳಗೆ ಒಂದು ಪುಸ್ತಕ. ತೆಪ್ಪ ನಿಂತಲ್ಲೆಲ್ಲ ಏನನ್ನೋ ಬರೆಯುವರು. ಆ ಪುಸ್ತಕವನ್ನು ಕಂಡಾಗಲೆಲ್ಲ ಮುಕೆಲಬಾಯ್ ನೆಟ್ಟಗೆ ಕೂರುತ್ತಿದ್ದ. ಲೋಜಿ ಭಾಷೆಯಲ್ಲಿ ಮೆಲ್ಲಗೆ ಬೈಯೋಣವೆಂದರೆ ಅದೂ ಆಗದು. ಲೆಸೋಥೋದ ಸೋಥೋ ಜನಕ್ಕೆ ಲೋಜಿ ಮುಕ್ಕಾಲು ಪಾಲು ತಿಳಿಯುತ್ತದೆ.

ತೆಪ್ಪದ ತೂಕ ಸರಿಹೋಗಲು ಒಬ್ಬರು ಕಡಿಮೆಯಾದರು. ಮರಳಿನ ಮೂಟೆಯ ಬದಲಿಗೆ ನನ್ನನ್ನು ಕೂರಿಸಿದರು.

ಮೋಸಿ-ಓ-ತುನ್ಯಾ ಜಲಪಾತದ ಕೆಳಗೆ, ನೀರೆಲ್ಲ ಸುತ್ತಿ ಸುತ್ತಿ ಕುದಿಯುವ ಮಡುವಿನಿಂದ ತೆಪ್ಪ ಹೊರಟಿತು. ಅಲ್ಲಿಂದ ಕೆಳಗೆ ನದಿ ಬಂಡೆಗಳ ಮೇಲೆ ಇಪ್ಪತ್ತೈದು ಸಲ ಧುಮುಕುತ್ತದೆ. ಒಂದೊಂದಕ್ಕೂ ನಾವು ಇಳುಕಲು ಎನ್ನುತ್ತೇವೆ, ಹೆಸರಿಗಿಂತ ಸಂಖ್ಯೆಯಲ್ಲೇ ಕರೆಯುತ್ತೇವೆ. ಚೋಲ್ವೆ ಹಿಂದೆ ಎತ್ತರದಲ್ಲಿ ಎರಡು ಉದ್ದದ ಹುಟ್ಟು ಹಿಡಿದು ಕುಳಿತಿದ್ದಳು. ನಾವೆಲ್ಲ ಸಣ್ಣ ಹುಟ್ಟು ಹಿಡಿದು ಅಂಚಿನಲ್ಲಿ. ಮುಕೆಲಬಾಯ್ ಮುಂದೆ, ಅವಳ ಕಡೆ ಮುಖ ಮಾಡಿ.

ನಾನು ಎಂದಿನಂತೆ ಅಮ್ಮ ಹಸು ಕರೆಯುವಾಗ ಹೇಳಿಕೊಡುತ್ತಿದ್ದ ಕೀರ್ತನೆಯೊಂದನ್ನು ತುಟಿಯೊಳಗೇ ಶುರು ಮಾಡಿದೆ. ಮಾಮೂಲಿ ದಿನವಾಗಿದ್ದರೆ ಮುಕೆಲಬಾಯ್, "ದೇವ್ರು ಇನ್ನೂ ಹಲ್ಲುಜ್ಜಿಲ್ಲ, ಸುಮ್ನಿರೋ" ಎನ್ನುತ್ತಿದ್ದ. ಅಂದು, "ಬಹಳ ಚೆನ್ನಾಗಿದೆ, ದಯವಿಟ್ಟು ಮುಂದುವರಿಸಿ" ಎಂದ. ನನಗೇ ಮುಂದಿನ ಸಾಲು ಮರೆತುಹೋಯಿತು.

ಮೊದಲ ನಾಲ್ಕು ಇಳುಕಲು ಹೇಗೋ ಕಳೆದವು. ಐದನೆಯದರಲ್ಲಿ ಬಲಕ್ಕೆ ಹೋಗಬೇಕು. ಅದು ಚೋಲ್ವೆಗೆ ಗೊತ್ತು, ಕಮರಿಯ ಕಪಿಗಳಿಗೂ ಗೊತ್ತು. ಅವಳು ಎಡಕ್ಕೆ ಹೋದಳು. ತೆಪ್ಪ ಬಂಡೆಗೆ ಹೊಟ್ಟೆಯೊತ್ತಿ, ಗಿರಕಿ ಹೊಡೆದು, ಹಿಂದು ಮುಂದಾಗಿ ಕೆಳಗಿಳಿಯಿತು.

ಮುಕೆಲಬಾಯ್ ಕಣ್ಣಿಗೆ ಎರಚಿದ ನೀರು ಒರೆಸಿಕೊಂಡು, "ತಾವು ಎಡಗಡೆಯ ದಾರಿಯನ್ನು ಆರಿಸಿಕೊಂಡದ್ದು ವಿಶೇಷವಾಗಿತ್ತು" ಎಂದ.

ಚೋಲ್ವೆಯ ಮುಖ ಬೂದಿಯಾಯಿತು.

ಏಳನೆಯದರಲ್ಲಿ ಅವಳ ಬಲಗೈಯ ಹುಟ್ಟು ಕೈಬಿಟ್ಟು ತೇಲಿಹೋಯಿತು. ಅದನ್ನು, ಕಾವಲಿಗೆಂದು ಜೊತೆಯಲ್ಲಿ ಬರುವ ಸಣ್ಣ ದೋಣಿಯವನು ಹಿಡಿದು ತಂದುಕೊಟ್ಟ. ಮುಕೆಲಬಾಯ್ ಬಾಯಿ ತೆರೆದ. ನರ್ಸಮ್ಮನ ಕೊರಳ ಚೀಲವನ್ನು ನೋಡಿದ. "ಪರವಾಗಿಲ್ಲ, ಎಲ್ಲರಿಗೂ ಆಗುತ್ತದೆ" ಎಂದು ಬಾಯಿ ಮುಚ್ಚಿದ. ಇಪ್ಪತ್ತು ವರ್ಷದಲ್ಲಿ ಅವನು ಯಾರಿಗೂ 'ಪರವಾಗಿಲ್ಲ' ಎಂದದ್ದನ್ನು ನಾನು ಕೇಳಿರಲಿಲ್ಲ.

ಹತ್ತನೆಯದಾದ ಮೇಲೆ ಮರಳ ದಂಡೆಯಲ್ಲಿ ಊಟ. ಪ್ರಯಾಣಿಕರಿಗೆ ಬ್ರೆಡ್ಡು, ಸಾಸೇಜು. ನಮಗೆ ನ್ಶಿಮಾ ಮುದ್ದೆ, ಒಣಮೀನಿನ ಸಾರು. ಚೋಲ್ವೆ ತಟ್ಟೆ ಹಿಡಿದುಕೊಂಡು ಬಂದು ನನ್ನ ಪಕ್ಕ ಕುಳಿತಳು. ತುತ್ತು ಎತ್ತಲಿಲ್ಲ.

"ಮಾಮ, ನಾನು ಆ ಮೀನ್ತಲೆಯವನ ಮನೆಗೆ ಏನು ತಪ್ಪು ಮಾಡ್ದೆ?"

"ಏನೂ ಮಾಡಿಲ್ಲ ಕಣಮ್ಮ."

"ಹೋದ್ ವರ್ಷ ಫೇಲ್ ಮಾಡ್ದಾಗ, 'ನೀನು ಹುಟ್ಟು ಹಿಡಿಯೋದು ನೋಡಿದ್ರೆ ಹಸು ಹಾಲು ಬತ್ತಿಸ್ಕೊಳ್ಳುತ್ತೆ' ಅಂದಿದ್ದ. ಅಳ್ತಾ ಅಳ್ತಾನೇ ನಗು ಬಂದಿತ್ತು. ಮುಂದಿನ ವರ್ಷ ಪಾಸ್ ಮಾಡ್ತಾನೆ ಅಂತ ಅದ್ರಲ್ಲೇ ಗೊತ್ತಾಗಿತ್ತು. ಇವತ್ತು 'ತಾವು' ಅಂತಿದಾನೆ. ತೀರ್ಮಾನ ಮಾಡ್ಕೊಂಡೇ ಬಂದಿದಾನೆ ಮಾಮ. ಮನೆ ಹೊರಗೆ ನಿಲ್ಲಿಸಿ ಮಾತಾಡ್ಸ್‌ದಂಗೆ ಮಾತಾಡಿಸ್ತಿದಾನೆ."

ನಾಲಗೆಯ ತುದಿಯಲ್ಲಿ ಕಾಗದದ ವಿಷಯ ಬಂದು ನಿಂತಿತ್ತು. ಕೊಟ್ಟ ಮಾತೂ ಅದರ ಪಕ್ಕದಲ್ಲೇ ನಿಂತಿತ್ತು. "ಊಟ ಮಾಡು" ಎಂದಷ್ಟೇ ಹೇಳಿ ಎದ್ದು ಮುಕೆಲಬಾಯ್ ಹತ್ತಿರ ಹೋದೆ. ಅವನು ಬಂಡೆಯ ನೆರಳಲ್ಲಿ ಎದೆ ತಿಕ್ಕಿಕೊಳ್ಳುತ್ತ ಕುಳಿತಿದ್ದ.

"ನಿನ್ನ ಮರ್ಯಾದೆ ಆ ಹುಡುಗಿ ಕೈಕಾಲು ಮುರೀತಿದೆ. ಒಂದು ಮಾತು ಬೈದುಬಿಡು. ಸಣ್ಣದಾದ್ರೂ ಸಾಕು."

"ನನಗೆ ಆಸೆ ಇಲ್ವಾ? ಏಳನೇದ್ರಲ್ಲಿ ಹುಟ್ಟು ಬಿಟ್ಳಲ್ಲ, ಆಗ ಎಂಥಾ ಬೈಗುಳ ಬಂದಿತ್ತು ಗೊತ್ತಾ? ಅವಳ ಮೂರು ತಲೆಮಾರು, ಒಂದು ಹೋರಿ, ಮೇಲೆ ಪಾದ್ರಿ, ಎಲ್ಲಾ ಸೇರಿತ್ತು ಅದ್ರಲ್ಲಿ. ನುಂಗ್ದೆ. ಈಗ ನೋಡು, ಎದೆ ಉರೀತಿದೆ."

"ಹಾಗಾದ್ರೆ ನಾನೇ ಹೇಳ್ಲಾ ಅವಳಿಗೆ? ಮಾತು ವಾಪಸ್ ಕೊಡು."

"ಕೊಡಲ್ಲ. ಇಷ್ಟು ಹೊತ್ತು ನುಂಗಿದ್ದು ದಂಡ ಆಗುತ್ತೆ." ಅವನು ಗಲ್ಲದಿಂದ ನರ್ಸಮ್ಮನ ಕಡೆ ತೋರಿಸಿದ. "ಅಲ್ ನೋಡು. ಬರೀತಾನೇ ಇದಾರೆ. ತಿನ್ನೋ ಹೊತ್ತಲ್ಲೂ ಬರೀತಾರೆ. ಈ ಕೆಲಸ ಹೋದ್ರೆ ನಂಗೆ ಬೇರೆ ಏನ್ ಬರುತ್ತೆ ಹೇಳು."

ಸಾಸೇಜು ಹೇಗಿದೆ ಎಂದು ಕೇಳುವ ನೆಪದಲ್ಲಿ ನರ್ಸಮ್ಮನ ಬಳಿ ಹೋದೆ. ಪುಸ್ತಕ ತೊಡೆಯ ಮೇಲೇ ತೆರೆದಿತ್ತು. 'ಸಾಸೇಜು ಉಪ್ಪು. ಮರಳು ಬಿಸಿ. ಶೌಚಾಲಯ ಇಲ್ಲ, ಬಂಡೆಯ ಹಿಂದೆ.'

"ಮುಂದೆ ಕೂತಿದಾರಲ್ಲ, ಆ ಯಜಮಾನ್ರು," ಎಂದು ಅವರು ದನಿ ತಗ್ಗಿಸಿದರು. "ಎಷ್ಟು ಸಭ್ಯಸ್ಥರು. ಅವ್ರು ಪಾದ್ರಿಗಳಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ, ನಿಜ ಹೇಳುವಂತಿರಲಿಲ್ಲ. "ಇವತ್ತು ಹಾಗೇ ಕಾಣ್ತಿದಾರೆ" ಎಂದೆ.

ಮಧ್ಯಾಹ್ನ ಹದಿನೆಂಟನೆಯದು ಬಂತು. ಅದರಲ್ಲಿ ಮೂರು ಅಲೆ. ಮೊದಲೆರಡು ಎತ್ತಿ ಇಳಿಸುತ್ತವೆ, ಮೂರನೆಯದು ಮಗುಚುತ್ತದೆ. ಮಗುಚಿದರೆ ತಪ್ಪೇನಿಲ್ಲ. ಮಗುಚಿದ ಮೇಲೆ ಗೈಡು ತೆಪ್ಪವನ್ನು ನೇರ ಮಾಡಿ, ಎಲ್ಲರನ್ನೂ ಎತ್ತಿಕೊಳ್ಳುವುದನ್ನು ಪರೀಕ್ಷಕ ನೀರಿನಲ್ಲೇ ಇದ್ದು ನೋಡುತ್ತಾನೆ, ಕೊನೆಗೆ ತಾನು ಹತ್ತುತ್ತಾನೆ.

ಮೂರನೆಯ ಅಲೆ ನಮ್ಮನ್ನು ರೊಟ್ಟಿಯಂತೆ ತಿರುವಿ ಹಾಕಿತು. ನನ್ನ ಮೂಗಿನೊಳಗೆ ಜಾಂಬೆಜಿ ಹರಿಯಿತು. ಮೇಲೆ ಬಂದಾಗ ಚೋಲ್ವೆ ಆಗಲೇ ಬೋರಲು ಬಿದ್ದ ತೆಪ್ಪದ ಬೆನ್ನೇರಿ, ಹಗ್ಗ ಹಿಡಿದು ಹಿಂದಕ್ಕೆ ಜೋತುಬಿದ್ದಿದ್ದಳು. ಯೋಚಿಸಲು ಸಮಯವಿಲ್ಲದ್ದೇ ಒಳ್ಳೆಯದಾಯಿತು. ತೆಪ್ಪ ನೇರವಾಯಿತು. ನರ್ಸಮ್ಮನನ್ನು ಜಾಕೆಟ್ಟಿನ ಭುಜಪಟ್ಟಿ ಹಿಡಿದು ಎಳೆದಳು. ರೆತಾಬಿಲೆ, ವಿಂಡ್‌ಹೋಕಿನವರು, ಆಮೇಲೆ ನಾನು. ನಾಲ್ಕು ನಿಮಿಷವೂ ಆಗಿರಲಾರದು. ಅಷ್ಟು ಹೊತ್ತಿಗೆ ತೆಪ್ಪ ಕೆಳಗಿನ ಶಾಂತ ನೀರಿಗೆ ಬಂದಿತ್ತು. ಪಕ್ಕದ ಹಗ್ಗ ಹಿಡಿದು ತೇಲುತ್ತಿದ್ದವನು ಮುಕೆಲಬಾಯ್ ಒಬ್ಬನೇ.

"ಚೋಲ್ವೆಯವರೇ, ತೊಂದರೆಯಾಗದಿದ್ದರೆ ತಾವು ನನ್ನನ್ನು ಮೇಲಕ್ಕೆ ತೆಗೆದುಕೊಳ್ಳುತ್ತೀರಾ?"

ಚೋಲ್ವೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಹೇಗೂ ಫೇಲು ಎಂದು ನಿಶ್ಚಯಿಸಿಕೊಂಡವಳಿಗೆ ಇನ್ನೇನು ಭಯ? ತೆಪ್ಪದ ಅಂಚಿನ ಮೇಲೆ ಕಾಲು ಮಡಚಿ ಕುಳಿತಳು.

"ತಾವು ಯಾರು?"

"ನಾನು ಮುಕೆಲಬಾಯ್."

"ನಂಗೊಬ್ಬ ಮುಕೆಲಬಾಯ್ ಗೊತ್ತು. ಮೀನಿನ ತಲೆ, ಬಾತುಕೋಳಿ ಬುದ್ಧಿ. ಹೊಳೆ ಏರಿದ್ರೆ ಮಂಚ ಹೊತ್ಕೊಂಡು ದಿಬ್ಬಕ್ಕೆ ಓಡೋ ಪೈಕಿ. ನೋಡೋಕೆ ತಮ್ಮ ಹಾಗೇ ಇದಾನೆ. ಬೆಳಿಗ್ಗೆಯಿಂದ ಎಲ್ಲೂ ಕಾಣ್ತಿಲ್ಲ."

"ಮಗಳೇ," ಎಂದರು ನರ್ಸಮ್ಮ, "ಮೊದ್ಲು ಆ ಪಾದ್ರೀನ ಎತ್ಕೋ."

"ನಾನು ನನ್ನ ನಂಟರನ್ನ ಎತ್ಕೋತೀನಮ್ಮ. ಇವ್ರು ಯಾರೋ ಸಾಹೇಬ್ರು. ಮುಟ್ಟಿದ್ರೆ ಬೇಜಾರಾಗ್ತಾರೇನೋ."

ಮುಕೆಲಬಾಯ್ ಹಲ್ಲು ಕಚ್ಚಿ, "ದಯವಿಟ್ಟು" ಎಂದ.

ಚೋಲ್ವೆ ಆಕಾಶ ನೋಡಿದಳು. ಆಮೇಲೆ ಮೆಲ್ಲನೆ, ಹವಾಮಾನದ ವಿಷಯ ಮಾತಾಡುವಂತೆ ಹೇಳಿದಳು: "ಆ ನನ್ನ ನಂಟನ ಅಜ್ಜ, ಲೋಜಿ ರಾಜರ ದೋಣೀಲಿ ಹುಟ್ಟು ಹಾಕ್ತಿದ್ರಂತೆ. ತಲೆ ಮೇಲೆ ಕೆಂಪು ಟೋಪಿ. ಅಲ್ಲಿ ತಾಳ ತಪ್ಪಿದವರನ್ನ ನೀರಿಗೆ ತಳ್ತಾರೆ. ಅಜ್ಜ ಎಷ್ಟು ಸಲ ಈಜ್ಕೊಂಡು ಮನೆಗ್ ಬಂದ್ರು ಅಂದ್ರೆ, ಟೋಪಿ ಬಣ್ಣ ಬಿಟ್ಟು ಬೆಳ್ಳಗಾಗಿತ್ತಂತೆ."

ವಿಂಡ್‌ಹೋಕಿನ ಹುಡುಗರು ನಕ್ಕರು. ಮುಕೆಲಬಾಯ್‌ನ ಕುತ್ತಿಗೆಯಲ್ಲಿ ಏನೋ ಏರಿತು, ಇಳಿಯಿತು, ಮತ್ತೆ ಏರಿತು.

"ಲೇ," ಎಂದ. ಬೆಳಿಗ್ಗೆಯಿಂದ ನುಂಗಿದ್ದೆಲ್ಲ ಒಂದೇ ಬಾರಿಗೆ ಹೊರಬಂತು. "ಲೇ ಹಲ್ಲುದುರಿದ ಅಜ್ಜಿಯ ಮೊಮ್ಮಗಳೇ, ಮಜ್ಜಿಗೆ ಮುಖದವಳೇ. ನಮ್ಮಜ್ಜನ ಟೋಪಿ ವಿಷಯಕ್ಕೆ ಬರ್ತೀಯಾ? ನಿಮ್ಮಜ್ಜ ನೀರು ನೋಡಿದ್ದೇ ಹಸು ಉಚ್ಚೆ ಹೊಯ್ದಾಗ. ಐದನೇದ್ರಲ್ಲಿ ಎಡಕ್ಕೆ ಹೋದ್ಯಲ್ಲ, ಅಲ್ಲೇನು ನಿಂಗೆ ಗಂಡು ನೋಡಿಟ್ಟಿದ್ರಾ? ಹುಟ್ಟು ಹಿಡ್ಕೊಂಡಿದೀಯೋ ಕೆಚ್ಚಲು ಹಿಡ್ಕೊಂಡಿದೀಯೋ? ಕೈಯಲ್ಲಿರೋ ಹುಟ್ಟನ್ನ ನದಿಗೆ ದಾನ ಮಾಡ್ತಾಳೆ, ಜಿಪುಣರ ವಂಶದಲ್ಲಿ ಇವಳೊಬ್ಳು ಧರ್ಮಾತ್ಮಳು. ನಿನ್ನ ದೆಸೆಯಿಂದ ಆಫೀಸಲ್ಲಿ ನಂಗೆ ಕಾಗದ ಕೊಟ್ಟಿದಾರೆ ಕಣೇ, ಬೈದ್ರೆ ಕೆಲ್ಸ ಇಲ್ಲ ಅಂತ. ನಾನು 'ತಾವು' ಅಂದು ಅಂದು ನಾಲಗೆ ಸೀದು ಹೋಗಿದೆ. ಈಗ ಎತ್ಕೋತೀಯೋ, ಇಲ್ಲಾ ಮೊಸಳೆಗೆ ಬರಹೇಳಿದೀಯೋ?"

ಕಮರಿಯ ಗೋಡೆಗಳು ಅದನ್ನು ಎರಡೆರಡು ಸಲ ಹೇಳಿದವು.

ಚೋಲ್ವೆ ಬಗ್ಗಿ ಅವನ ಭುಜಪಟ್ಟಿ ಹಿಡಿದು ಒಂದೇ ಎಳೆತಕ್ಕೆ ತೆಪ್ಪದೊಳಗೆ ಕೆಡವಿದಳು. ಅವನು ಅವಳ ಕಾಲಬುಡದಲ್ಲಿ ಬಿದ್ದು ಏದುಸಿರು ಬಿಡುತ್ತಿದ್ದ.

"ಕಾಗದನಾ?" ಎಂದಳು. "ಅಷ್ಟೇನಾ? ನಾನು ನಿನ್ನ ಮನೇಲಿ ಯಾರೋ ನನ್ನ ನಂಟು ಬೇಡ ಅಂತ ಆಣೆ ಹಾಕಿದಾರೆ ಅಂದ್ಕೊಂಡೆ." ನಗುತ್ತಿದ್ದಳು, ಕಣ್ಣೀರೂ ಬರುತ್ತಿತ್ತು. ಮುಖವೆಲ್ಲ ಒದ್ದೆಯಿದ್ದದ್ದರಿಂದ ಯಾರಿಗೂ ಕಾಣಲಿಲ್ಲ ಎಂದು ಅವಳು ತಿಳಿದಿದ್ದಾಳೆ.

ಮುಕೆಲಬಾಯ್ ಎದ್ದು ಕುಳಿತು ನರ್ಸಮ್ಮನ ಕಡೆ ತಿರುಗಿದ. "ಬರೀರಿ ಅಮ್ಮ. ನೀವು ಕೇಳಿದ್ದೆಲ್ಲ ನಿಜ."

ನಾನು ಅವರಿಗೆ ಗೇಲಿಯ ನಂಟಿನ ವಿಷಯ ಹೇಳಿದೆ. ಗುಟ್ಟು ಅವನ ಬಾಯಿಂದಲೇ ಹೊರಬಿದ್ದಿತ್ತಾದ್ದರಿಂದ ನನ್ನ ಮಾತು ಉಳಿದಿತ್ತು. ಅವರು ಹೆಲ್ಮೆಟ್ ತೆಗೆದು ನೀರು ಚೆಲ್ಲಿದರು.

"ಮೂವತ್ತೆಂಟು ವರ್ಷ ಆಸ್ಪತ್ರೇಲಿ ಕೆಲ್ಸ ಮಾಡಿದೀನಿ. ದಿನಾ ಬೈಯೋ ರೋಗಿ ಒಂದು ಬೆಳಿಗ್ಗೆ 'ಉಪಕಾರ ಆಯ್ತು ಸಿಸ್ಟರ್' ಅಂದ್ರೆ ನಾವು ಓಡಿಹೋಗಿ ಡಾಕ್ಟರನ್ನ ಕರೀತಿದ್ವಿ. ಆದ್ರೂ ಹಸುವಿನ ಮಾತು ಸ್ವಲ್ಪ ಜಾಸ್ತಿ ಆಯ್ತು ಪಾದ್ರಿಗಳೇ."

ಉಳಿದ ಏಳು ಇಳುಕಲುಗಳನ್ನು ಚೋಲ್ವೆ ನಡೆಸಿದ ಬಗೆಯನ್ನು ನಾನು ಎಷ್ಟು ಹೇಳಿದರೂ ಕಡಿಮೆ. ಮುಕೆಲಬಾಯ್ ಒಂದೊಂದು ಎಳೆತಕ್ಕೂ ಒಂದೊಂದು ಬೈಗುಳ ಹಾಕಿದ. ಅವಳು ಆ ಲಯಕ್ಕೇ ಹುಟ್ಟು ಹಾಕಿದಳು. ಎಲ್ಲಿಯೂ ಬಂಡೆ ಮುಟ್ಟಲಿಲ್ಲ.

ಕಮರಿ ಹತ್ತಿ ಮೇಲೆ ಬಂದ ಮೇಲೆ ಅವನು ಲಾರಿಯ ಮೂತಿಯ ಮೇಲೆ ಹಾಳೆ ಹರಡಿ ಅಂಕ ಕೂಡಿದ. ಪಾಸಾಗಲು ಅರವತ್ತು ಬೇಕು. ಎರಡು ಸಲ ಕೂಡಿದ. ಚೋಲ್ವೆ ಟೈರಿಗೆ ಒರಗಿ ಕುಳಿತಿದ್ದಳು.

"ಐವತ್ತೆಂಟು," ಎಂದ.

ಎರಡು ಅಂಕ ಸೇರಿಸು ಎಂದು ಯಾರಾದರೂ ಹೇಳುವಂತಿದ್ದರೆ ನಾನೇ ಹೇಳಬೇಕಿತ್ತು, ನಾನು ಹೇಳಲಿಲ್ಲ. ನದಿಯ ವಿಷಯದಲ್ಲಿ ಅವನು ಸುಳ್ಳು ಬರೆಯುವವನಲ್ಲ. ಬರೆದರೆ ಅವಳೇ ಒಪ್ಪುತ್ತಿರಲಿಲ್ಲ.

ಅವನು ಪೆನ್ನು ಕಚ್ಚುತ್ತ ಹಾಳೆಯ ಕೆಳಗೆ ಓದಿದ. ಅಲ್ಲಿ 'ಇತರ ಕಾರಣಗಳು' ಎಂದು ಒಂದು ಖಾಲಿ ಜಾಗವಿತ್ತು. ಹವೆ, ನೀರಿನ ಮಟ್ಟ ಬರೆಯಲು ಇಟ್ಟದ್ದು. ಅದರಲ್ಲಿ ನಿಧಾನವಾಗಿ ಬರೆದು ಗಟ್ಟಿಯಾಗಿ ಓದಿದ: "ಮಧ್ಯಾಹ್ನದವರೆಗೆ ಪರೀಕ್ಷಕರಿಗೆ ಮೈಯಲ್ಲಿ ಹುಷಾರಿರಲಿಲ್ಲ. ಮೊದಲ ಹತ್ತು ಇಳುಕಲನ್ನು ನಾಳೆ ಮತ್ತೆ ನಡೆಸಬೇಕು." ನನ್ನ ಕಡೆ ನೋಡಿ, "ಇದು ಸುಳ್ಳಾ ಹಮೂಂಗಾ? ಎದೆ ಉರೀತಿತ್ತು ಅಂತ ನಿನ್ನ ಹತ್ರ ಹೇಳಿದ್ನೋ ಇಲ್ವೋ?"

"ಹೇಳಿದ್ಯಲ್ಲ," ಎಂದೆ.

ಮರುದಿನ ನರ್ಸಮ್ಮ, ರೆತಾಬಿಲೆ ಸೇತುವೆಯಿಂದ ಹಗ್ಗ ಕಟ್ಟಿಕೊಂಡು ಜಿಗಿಯಲು ಹೋದರು. ಅವರ ಜಾಗಕ್ಕೆ ನೆದರ್ಲ್ಯಾಂಡ್ಸಿನ ಇಬ್ಬರು ಬಂದರು. ತೂಕಕ್ಕೆ ನನ್ನ ಜೊತೆ ಇನ್ನೂ ಒಬ್ಬರು ಬೇಕಾಗಿ, ಮ್ಯಾನೇಜರಮ್ಮ ಪರೀಕ್ಷೆಯನ್ನು ಕಣ್ಣಾರೆ ನೋಡುತ್ತೇನೆಂದು ತಾನೇ ಹತ್ತಿ ಕುಳಿತಳು. ಅವಳಿಗೆ ಲೋಜಿಯ ಒಂದಕ್ಷರವೂ ತಿಳಿಯದು. ಇಂಥ ಉಪಕಾರವನ್ನು ಮುಕೆಲಬಾಯ್ ಬಿಟ್ಟಾನೆಯೇ? ಒಂದನೆಯ ಇಳುಕಲಿನಲ್ಲಿ ಲೋಜಿಯಲ್ಲಿ ಬಾಯಿ ತೆರೆದವನು, ಹತ್ತನೆಯದರ ಮರಳು ಕಾಲಿಗೆ ತಾಗುವವರೆಗೆ ಮುಚ್ಚಲಿಲ್ಲ. ಬೈಗುಳವೆಲ್ಲ ಚೋಲ್ವೆಯ ಅಜ್ಜಿಯ ಮೇಲೆ, ದನಿ ಮಾತ್ರ ಭಾನುವಾರದ ಪ್ರಾರ್ಥನೆಯದು. ಚೋಲ್ವೆ ತುಟಿ ಕಚ್ಚಿಕೊಂಡು ಹುಟ್ಟು ಹಾಕಿದಳು. ಐದನೆಯದರಲ್ಲಿ ಬಲಕ್ಕೆ ಹೋದಳು.

ಮ್ಯಾನೇಜರಮ್ಮ ನನ್ನ ಕಡೆ ಬಾಗಿ ಕೇಳಿದಳು, "ಏನು ಹೇಳುತ್ತಿದ್ದಾರೆ?"

"ಅವಳ ಅಜ್ಜಿಯ ವಿಷಯ ಮಾತಾಡ್ತಿದಾರೆ ಮೇಡಂ."

"ಎಷ್ಟು ಅಕ್ಕರೆ. ಅಜ್ಜಿ ಆರೋಗ್ಯವಾಗಿದ್ದಾರಾ?"

"ತೀರಿಕೊಂಡು ಹದಿನೈದು ವರ್ಷ ಆಯ್ತು."

"ಅಯ್ಯೋ. ಇಷ್ಟು ವರ್ಷ ಆದ್ರೂ ಮರೆತಿಲ್ಲ," ಎಂದು ಅವಳು ಕಣ್ಣು ತೇವ ಮಾಡಿಕೊಂಡಳು.

ಮರಳ ದಂಡೆಯಲ್ಲಿ ಮುಕೆಲಬಾಯ್ ಹಾಳೆಯನ್ನು ಚೋಲ್ವೆಯ ಬೆನ್ನಿಗಿಟ್ಟು, ಕೂಡಿ, ಸಹಿ ಹಾಕಿದ.

"ಎಷ್ಟು?" ಎಂದಳು ಅವಳು, ಬೆನ್ನು ಬಗ್ಗಿಸಿಕೊಂಡೇ.

"ಎಪ್ಪತ್ತೊಂದು. ಅಲ್ಲಾಡ್ಬೇಡ, ಇಂಕು ಹರಡುತ್ತೆ. ನಿಮ್ಮಜ್ಜಿ ಇದ್ದಿದ್ರೆ ಇಷ್ಟು ಹೊತ್ತಿಗೆ ಈ ಹಾಳೇನ ಮೊಸರಿನ ಗಡಿಗೆ ಮುಚ್ಚೋಕೆ ತಗೊಂಡ್ ಹೋಗಿರೋರು."

ಚೋಲ್ವೆ ಅಲ್ಲಾಡಲಿಲ್ಲ. ಸಹಿ ಒಣಗುವವರೆಗೂ ಹಾಗೆಯೇ ಬಗ್ಗಿ ನಿಂತಿದ್ದಳು.